ಮ್ಯಾಂಚೆಸ್ಟರಿನಿಂದ ಮ್ಯಾಂಚೆಸ್ಟರಿಗೆ

ನಾವು ಟೆಕ್ಸ್‌ಟೈಲ್ ವಿಭಾಗದಲ್ಲಿ ಓದುವಾಗ ಒಂದು ಮಾತು ವರ್ಷಕ್ಕೆ ಎರಡು ಮೂರು ಸಲವಾದರೂ ಕಿವಿಗೆ ಬೀಳುತ್ತಿತ್ತು. ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್, ಅಂದರೆ ಇಂಗ್ಲೆಂಡಿನ ಆ ಊರಿನ ಹಾಗೆ ಹತ್ತಿ ಮಿಲ್ಲುಗಳ ಊರು. ಕಾಲೇಜು ದಿನಾಚರಣೆಗೆ ಬಂದ ಅತಿಥಿಗಳೆಲ್ಲ ಮೈಕ್ ಹಿಡಿದ ಕೂಡಲೇ ಅದನ್ನೇ ಹೇಳುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅಷ್ಟು ಹೊತ್ತಿಗೆ ಊರಿನ ದೊಡ್ಡ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿ ವರ್ಷಗಳೇ ಆಗಿದ್ದವು. ಹಿಂದಿನ ಬೆಂಚಿನಲ್ಲಿ ಕೂತ ನಮಗೆ ಅದು ಗೊತ್ತಿತ್ತು. ನಮ್ಮಲ್ಲಿ ನಾಲ್ಕೈದು ಜನ ಮಿಲ್ಲಿನವರ ಮಕ್ಕಳೇ.

ನಮ್ಮಪ್ಪ ವೀವಿಂಗ್ ಖಾತೆಯಲ್ಲಿ ಜಾಬರ್ ಆಗಿದ್ದರು. ಮಗ್ಗ ಕೆಟ್ಟರೆ ಸರಿ ಮಾಡುವ ಕೆಲಸ. ನೂರಾರು ಮಗ್ಗಗಳ ಸದ್ದಿನಲ್ಲಿ ಇಪ್ಪತ್ತು ವರ್ಷ ನಿಂತು ಅವರ ಕಿವಿ ಮಂದವಾಗಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲು. ಹಾಸ್ಟೆಲಿನಲ್ಲಿ ಗೆಳತಿಯರು "ಯಾಕೇ ಜಗಳ ಆಡ್ತೀಯ?" ಎಂದು ಕೇಳಿದಾಗಲೇ ನನಗೆ ಅದು ತಿಳಿದದ್ದು. ಮಿಲ್ಲು ಮುಚ್ಚಿದಾಗ ನಾನು ನಾಲ್ಕನೇ ಕ್ಲಾಸು. ಆಮೇಲೆ ಅಪ್ಪ ಒಂದು ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಗ್ಗದ ಮಾತು ಎತ್ತುತ್ತಿರಲಿಲ್ಲ.

ಎಂ.ಎಸ್ಸಿ.ಗೆ ಮ್ಯಾಂಚೆಸ್ಟರಿನಲ್ಲಿ ಸೀಟು ಸಿಕ್ಕಿದೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಮಿಲ್ಲು ನಡೀತಾವೇನವ್ವಾ?" ನನಗೆ ಉತ್ತರ ಗೊತ್ತಿರಲಿಲ್ಲ. "ಯೂನಿವರ್ಸಿಟಿ ಚೆನ್ನಾಗಿದೆಯಂತೆ" ಎಂದೆ.

2009ರ ಸೆಪ್ಟೆಂಬರಿನಲ್ಲಿ ಹೊರಟೆ. ಬೆಂಗಳೂರಿನಿಂದ ದುಬೈ, ಅಲ್ಲಿಂದ ಮ್ಯಾಂಚೆಸ್ಟರ್. ಅಮ್ಮ ಸೂಟ್‌ಕೇಸಿನಲ್ಲಿ ಐವತ್ತು ಖಡಕ್ ರೊಟ್ಟಿ, ಎರಡು ಕಿಲೋ ಶೇಂಗಾ ಚಟ್ನಿಪುಡಿ ತುಂಬಿಸಿದ್ದರು. ಚಟ್ನಿಪುಡಿ ಹೇಗಿತ್ತೋ ಹಾಗೇ ತಲುಪಿತು. ರೊಟ್ಟಿಯೂ ಪುಡಿಯಾಗಿಯೇ ತಲುಪಿತು. ಒಂದು ತಿಂಗಳು ರೊಟ್ಟಿಪುಡಿಗೆ ಮೊಸರು ಹಾಕಿಕೊಂಡು ಚಮಚದಲ್ಲಿ ತಿಂದೆ. ಪಕ್ಕದ ರೂಮಿನ ಚೀನೀ ಹುಡುಗಿ ಅದನ್ನು ನಮ್ಮ ದೇಶದ ಕಾರ್ನ್‌ಫ್ಲೇಕ್ಸ್ ಅಂದುಕೊಂಡಿದ್ದಳು. ನಾನೂ ಹೌದೆಂದೆ.

ಇಳಿದ ದಿನ ಮಳೆ. ಮರುದಿನವೂ ಮಳೆ. ನಮ್ಮ ಕಡೆ ಮಳೆ ಅಂದರೆ ಬರುತ್ತದೆ, ಹುಯ್ಯುತ್ತದೆ, ಹೋಗುತ್ತದೆ. ಅಲ್ಲಿಯದು ಬಂದು ಹೋಗುವ ಮಳೆಯಲ್ಲ, ಅಲ್ಲೇ ಮನೆ ಮಾಡಿಕೊಂಡಿರುವ ಮಳೆ. ಕೊಡೆ ಹಿಡಿಯುವಷ್ಟು ಜೋರಿಲ್ಲ, ಹಿಡಿಯದಿದ್ದರೆ ಹತ್ತು ನಿಮಿಷಕ್ಕೆ ಸ್ವೆಟರ್ ಒದ್ದೆ. ನನಗೆ ಬೇಜಾರಾಗುತ್ತಿತ್ತು. ಆದರೆ ಮೊದಲ ವಾರದ ಕ್ಲಾಸಿನಲ್ಲೇ ಪ್ರೊಫೆಸರ್ ಕಿಟಕಿಯ ಕಡೆ ಕೈ ತೋರಿಸಿ, ಈ ಊರು ಬೆಳೆದದ್ದೇ ಇದರಿಂದ ಎಂದರು. ಗಾಳಿ ಒಣಗಿದ್ದರೆ ಹತ್ತಿ ನೂಲು ಪಟಪಟ ಕಡಿಯುತ್ತದೆ. ತೇವವಿದ್ದರೆ ತಡೆಯುತ್ತದೆ. ಜೊತೆಗೆ ಸುತ್ತಲಿನ ಲ್ಯಾಂಕಶೈರ್ ಸೀಮೆಯ ಕಲ್ಲಿದ್ದಲು, ಗುಡ್ಡದಿಂದ ಇಳಿಯುವ ಮೆದು ನೀರು, ಹತ್ತಿ ಇಳಿಸಲು ಪಕ್ಕದಲ್ಲೇ ಲಿವರ್‌ಪೂಲ್ ಬಂದರು. ನನಗೆ ತಟ್ಟನೆ ಹೊಳೆದದ್ದು ಅಪ್ಪನ ಒದ್ದೆ ಅಂಗಿ. ನಮ್ಮ ಮಿಲ್ಲಿನೊಳಗೆ ಬೇಸಿಗೆಯಲ್ಲಿ ನೀರಿನ ಸ್ಪ್ರೇ ಬಿಡುತ್ತಿದ್ದರಂತೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಗೋಡೆಗಳ ಒಳಗೆ, ದುಡ್ಡು ಕೊಟ್ಟು ಮ್ಯಾಂಚೆಸ್ಟರಿನ ಹವೆ ತಯಾರಿಸುತ್ತಿದ್ದರು!

ಭಾಷೆ ಗೊತ್ತಿದೆ ಅಂದುಕೊಂಡು ಹೋಗಿದ್ದೆ. ಬಸ್ಸಿನ ಡ್ರೈವರ್ ಟಿಕೆಟ್ ಕೊಟ್ಟು "ತಾ, ಲವ್" ಎಂದಾಗ ಎರಡೂ ಪದ ಅರ್ಥವಾಗಲಿಲ್ಲ. ಒಂದಕ್ಕೆ ಥ್ಯಾಂಕ್ಸ್ ಅಂತ ಅರ್ಥ, ಇನ್ನೊಂದನ್ನು ಎಂಬತ್ತರ ಅಜ್ಜಿಗೂ ಹೇಳುತ್ತಾರೆ ಎಂದು ಆಮೇಲೆ ತಿಳಿಯಿತು. ಅಕ್ಟೋಬರಿನಲ್ಲಿ ನಾವಿದ್ದ ಬೀದಿಯ ಒಬ್ಬ ಅಜ್ಜಿ ಸಂಜೆ ಐದೂವರೆಗೆ ಟೀಗೆ ಕರೆದರು. ಟೀ ಜೊತೆ ಒಂದೆರಡು ಬಿಸ್ಕೆಟ್ ಇರಬಹುದು ಅಂತ ನಾನು ಹೊಟ್ಟೆ ತುಂಬ ಅನ್ನ ಸಾರು ಉಂಡು ಹೋದೆ. ಟೇಬಲ್ ಮೇಲೆ ಆಲೂಗೆಡ್ಡೆ, ಬಟಾಣಿ, ಚೀಸ್ ಹಾಕಿದ ದೊಡ್ಡ ಪೈ, ಮೇಲೆ ಪುಡಿಂಗ್. ಉತ್ತರ ಇಂಗ್ಲೆಂಡಿನಲ್ಲಿ ಟೀ ಅಂದರೆ ರಾತ್ರಿ ಊಟ. ನಮ್ಮಲ್ಲಿ "ತಿಂಡಿ ಆಯ್ತಾ?" ಅಂತ ಕರೆದು ಊಟ ಬಡಿಸಿದ ಹಾಗೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಎಲ್ಲಾ ತಿಂದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಓದಿನ ಬಗ್ಗೆ ಈಗಿನ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಲೇಬೇಕು. ನನ್ನ ಮೊದಲ ಅಸೈನ್‌ಮೆಂಟಿಗೆ 62 ಬಂತು. ಬಾತ್‌ರೂಮಿಗೆ ಹೋಗಿ ಅತ್ತೆ. ಇಲ್ಲಿ ಎಂಬತ್ತರ ಕೆಳಗೆ ಇಳಿದವಳಲ್ಲ ನಾನು. ಆಮೇಲೆ ಗೊತ್ತಾಯಿತು, ಅಲ್ಲಿ 50 ಪಾಸು, 70 ದಾಟಿದರೆ ಡಿಸ್ಟಿಂಕ್ಷನ್. 62 ತಕ್ಕಮಟ್ಟಿಗೆ ಮರ್ಯಾದೆಯ ಅಂಕವೇ. ಅಂಕಕ್ಕಿಂತ ಕಷ್ಟವಾಗಿದ್ದು ಮಾರ್ಜಿನ್ನಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಸಾಲು: ಇದೆಲ್ಲ ಸರಿ, ನಿನಗೇನನ್ನಿಸುತ್ತದೆ? ನನಗೆ ಅನ್ನಿಸುವುದನ್ನು ಉತ್ತರಪತ್ರಿಕೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ನೂಲಿನ ಬಲ ಅಳೆಯುವ ಸೂತ್ರ ಬರೆದು ಅಭ್ಯಾಸವಿತ್ತು. ಅದರ ಬಗ್ಗೆ ನನಗೇನು ಅನ್ನಿಸಬೇಕು, ಹೇಳಿ? ಕ್ರಿಸ್‌ಮಸ್ ರಜೆಯ ತನಕ ಅದೇ ಒದ್ದಾಟ.

ದುಡ್ಡಿನ ಲೆಕ್ಕ ಬೇರೆ. ಪೌಂಡಿಗೆ ಆಗ 80 ರೂಪಾಯಿಯ ಆಸುಪಾಸು. ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಿತ್ತು. ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ರಾತ್ರಿ ಹೊತ್ತು ಶೆಲ್ಫ್ ತುಂಬಿಸುವ ಕೆಲಸ ಹಿಡಿದೆ. ಗಂಟೆಗೆ 5 ಪೌಂಡ್ 80 ಪೆನ್ಸ್, ಆಗಿನ ಕನಿಷ್ಠ ಕೂಲಿ. ಮೊದಲ ವಾರ ಅಪ್ಪನಿಗೆ ಫೋನಿನಲ್ಲಿ ಕೂಗಿ ಹೇಳಿದೆ, ಗಂಟೆಗೆ 460 ರೂಪಾಯಿ ಅಪ್ಪಾ ಅಂತ. ಅವರು ಸುಮ್ಮನಾದರು. "ರಾತ್ರಿ ಪಾಳೀನಾ?" ಅಂದರು. ಹೌದೆಂದೆ. "ಮಜ್ಜಿಗೆ ಕುಡಿಯವ್ವಾ, ಕಣ್ಣುರಿ ಬರಲ್ಲ" ಅಂದರು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಅಮ್ಮ ಮಜ್ಜಿಗೆ ಕೊಡುತ್ತಿದ್ದದ್ದು ನನಗೂ ನೆನಪಿತ್ತು.

ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. 2010ರ ಜನವರಿ ಮೊದಲ ವಾರ ಹಿಮ ಬಿದ್ದು ಊರೇ ನಿಂತಿತು. ಏಪ್ರಿಲಿನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಸುಮಾರು ಒಂದು ವಾರ ವಿಮಾನಗಳೇ ಹಾರಲಿಲ್ಲ. ಈಸ್ಟರ್ ರಜೆಗೆ ಊರಿಗೆ ಹೋದ ಸಹಪಾಠಿಗಳು ಅಲ್ಲಲ್ಲೇ ಸಿಕ್ಕಿಬಿದ್ದರು. ಟಿಕೆಟ್ಟಿಗೆ ದುಡ್ಡಿಲ್ಲದೆ ಉಳಿದುಕೊಂಡಿದ್ದ ನಾನೊಬ್ಬಳೇ ಕ್ಲಾಸಿಗೆ ಸರಿಯಾಗಿ ಹಾಜರು.

ಆ ರಜೆಯಲ್ಲೇ ಊರು ಸುತ್ತಿದೆ. ಬಸ್ಸಿಗಿಂತ ಕಾಲೇ ಅಗ್ಗ. ಟೌನ್ ಹಾಲಿನ ನೆಲದ ತುಂಬ ಕಲ್ಲಿನಲ್ಲಿ ಕೂರಿಸಿದ ಜೇನುಹುಳುಗಳು. ದುಡಿಯುವ ಜೇನು ಆ ಊರಿನ ಗುರುತು, ಬೀದಿಯ ಕಸದ ಡಬ್ಬಿಯ ಮೇಲೂ ಇದೆ. ಡೀನ್ಸ್‌ಗೇಟಿನ ಜಾನ್ ರೈಲ್ಯಾಂಡ್ಸ್ ಲೈಬ್ರರಿ ಹೊರಗಿನಿಂದ ಚರ್ಚಿನ ಹಾಗೆ ಕಾಣುತ್ತದೆ. ಒಬ್ಬ ಹತ್ತಿ ಬಟ್ಟೆ ವ್ಯಾಪಾರಿಯ ನೆನಪಿಗೆ ಅವನ ಹೆಂಡತಿ ಕಟ್ಟಿಸಿದ್ದು, 1900ರಲ್ಲಿ ತೆರೆಯಿತು. ಒಳಗೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ, ಹೀಟರ್ ಕೂಡ ಚೆನ್ನಾಗಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಯಲ್ ಎಕ್ಸ್‌ಚೇಂಜ್. ಒಂದು ಕಾಲಕ್ಕೆ ಸಾವಿರಾರು ವ್ಯಾಪಾರಿಗಳು ನಿಂತು ಹತ್ತಿ, ನೂಲು, ಬಟ್ಟೆಯ ದರ ಕೂಗುತ್ತಿದ್ದ ಹಾಲ್ ಅದು. 1968ರಲ್ಲಿ ವ್ಯಾಪಾರ ನಿಂತಿತು. 1976ರಲ್ಲಿ ಆ ಹಾಲಿನ ನಡುವೆ ಕಬ್ಬಿಣ ಗಾಜಿನ ನಾಟಕ ಮಂದಿರ ಕಟ್ಟಿದರು. ನಾಟಕಕ್ಕೆ ಬಂದವರು ಕಾಫಿ ಕುಡಿಯುತ್ತಾ ತಲೆ ಎತ್ತಿದರೆ ಗೋಡೆಯ ಮೇಲೆ, ತುಂಬ ಎತ್ತರದಲ್ಲಿ, ದರದ ಬೋರ್ಡು ಈಗಲೂ ಇದೆ. ಕೊನೆಯ ದಿನದ ಅಂಕಿಗಳು ಹಾಗೇ ಇವೆ. ಯಾರೂ ಅಳಿಸಲಿಲ್ಲ. ನಾನು ಕತ್ತು ನೋಯುವ ತನಕ ನೋಡಿದೆ. ನಮ್ಮ ಮಿಲ್ಲಿದ್ದ ಜಾಗದಲ್ಲಿ ಏನಿತ್ತು ಎಂದು ಹೇಳಲು ಈಗ ಒಂದು ಇಟ್ಟಿಗೆಯೂ ಇಲ್ಲ. ಅವರೂ ಸೋತರು, ನಾವೂ ಸೋತೆವು, ಆದರೆ ಸೋತ ದಿನದ ಲೆಕ್ಕವನ್ನು ಗೋಡೆಯ ಮೇಲೆ ಬಿಡುವ ಧೈರ್ಯ ಅವರಿಗಿತ್ತು. ಇದು ನನ್ನ ಅಭಿಪ್ರಾಯ. ಊರಿನ ಹಿರಿಯರು ಬೇಕಾದರೆ ಬೈಯಲಿ.

ಪ್ರಾಜೆಕ್ಟಿಗೆಂದು ಹಳೆಯ ಪುಸ್ತಕ ತಿರುವುವಾಗ ಇನ್ನೊಂದು ಸಂಗತಿ ಸಿಕ್ಕಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಲ್ಯಾಂಕಶೈರಿನ ಮಿಲ್ಲುಗಳು ಮುಚ್ಚಿ ಜನ ಹಸಿವಿನಿಂದ ಕಂಗೆಟ್ಟರು. ಆಗ ಮ್ಯಾಂಚೆಸ್ಟರಿನ ಕಣ್ಣು ಬಿದ್ದದ್ದು ನಮ್ಮ ಕಡೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು, ಅದರ ಹೆಸರೇ ಧಾರವಾಡ-ಅಮೆರಿಕನ್. ಆ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಕಾರವಾರದಲ್ಲಿ ಬಂದರು ಮಾಡಿ ಎಂದು ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯೇ ಇತ್ತು. ಕಾರವಾರದ ಗೆಳತಿಗೆ ಮೇಲ್ ಮಾಡಿದೆ, ನಿನ್ನ ಜಿಲ್ಲೆ ಯಾವ ಪ್ರಾಂತ್ಯದಲ್ಲಿರಬೇಕು ಅನ್ನುವುದರಲ್ಲಿ ನಾನಿರುವ ಊರಿನ ಕೈಯಿತ್ತು ಕಣೇ ಅಂತ. ಅವಳು ಬರೆದಳು, "ಹಾಗಾದ್ರೆ ಇನ್ನೂ ಬರದ ನಮ್ಮ ಹುಬ್ಬಳ್ಳಿ ರೈಲನ್ನೂ ಅಲ್ಲಿಂದಲೇ ಕೇಳು."

ಮೇ ತಿಂಗಳಲ್ಲಿ ಲ್ಯಾಂಕಶೈರಿನ ಬರ್ನ್‌ಲಿ ಎಂಬ ಊರಿಗೆ ಹೋದೆ. ಎಕ್ಸ್ 43 ಬಸ್ಸು, ಒಂದು ಗಂಟೆಗೂ ಜಾಸ್ತಿ ದಾರಿ. ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದರೆ ಹಾರ್ಲ್ ಸೈಕ್ ಎಂಬ ಹಳ್ಳಿ, ಅಲ್ಲಿ ಕ್ವೀನ್ ಸ್ಟ್ರೀಟ್ ಮಿಲ್. 1894ರ ಕಟ್ಟಡ. 1982ರ ತನಕ ಹಬೆ ಎಂಜಿನ್ನಿನಿಂದಲೇ ಬಟ್ಟೆ ನೇಯ್ದು ನಿಂತ ಮಿಲ್ಲು, ಈಗ ಮ್ಯೂಸಿಯಂ. ಎಂಜಿನ್ನಿನ ಹೆಸರು ಪೀಸ್, ಶಾಂತಿ. ಮೊದಲ ಮಹಾಯುದ್ಧದ ನಂತರ ಇಟ್ಟ ಹೆಸರು. ಒಳಗೆ ಸಾಲು ಸಾಲಾಗಿ ಸುಮಾರು 300 ಲ್ಯಾಂಕಶೈರ್ ಮಗ್ಗಗಳು, ಪ್ರತಿಯೊಂದರಿಂದ ಮೇಲಿನ ಶಾಫ್ಟಿಗೆ ಚರ್ಮದ ಬೆಲ್ಟು.

ತೋರಿಸಲು ಒಬ್ಬ ಹಿರಿಯ ಹೆಂಗಸು ಇದ್ದರು. ಹದಿನೈದಕ್ಕೆ ಮಗ್ಗಕ್ಕೆ ನಿಂತವರಂತೆ. ನಾಲ್ಕೇ ಮಗ್ಗ ಓಡಿಸಿದರು. ನನ್ನ ಎದೆಗೂಡು ನಡುಗಿತು. ನಾಲ್ಕಕ್ಕೇ ಹೀಗಾದರೆ! ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ಸ್ವರವಿಲ್ಲದೆ, ತುಟಿಯನ್ನು ಅಗಲವಾಗಿ ಆಡಿಸಿ ಮಾತಾಡುತ್ತಿದ್ದರು. ಅದಕ್ಕೆ ಮೀ-ಮಾ ಅನ್ನುತ್ತಾರೆ. ಅವರು ಆಡಿಸಿ ತೋರಿಸಿದರು. ನನಗೆ ನಗು ಬಂತು, ಕಣ್ಣೂ ತುಂಬಿತು. ಅಪ್ಪ ಊಟಕ್ಕೆ ಕೂತಾಗ ಅಮ್ಮನಿಗೆ ಸಾರು ಬೇಕು ಅಂತ ಹೇಳುವುದು ಹೀಗೇ. ನಮ್ಮ ಮನೆಯವರೆಲ್ಲ ಅದನ್ನು ಓದಬಲ್ಲೆವು.

ಆಮೇಲೆ ಅವರು ಲಾಳಿ ತೋರಿಸಿದರು, ಮಗ್ಗದಲ್ಲಿ ಅಡ್ಡ ನೂಲನ್ನು ಆಚೀಚೆ ಒಯ್ಯುವ ಮರದ ತುಂಡು. ಅದರೊಳಗಿನ ನೂಲಿನ ಸುರುಳಿ, ಅಂದರೆ ಕಂಡಿಕೆ, ಖಾಲಿಯಾಗಿ ಹೊಸದು ಹಾಕಿದಾಗ ನೂಲಿನ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ಬಾಯಿಟ್ಟು ಒಮ್ಮೆ ಎಳೆದರೆ ಬಂತು. ಲಾಳಿಗೆ ಮುತ್ತಿಡುವುದು ಅಂತ ಅದಕ್ಕೆ ಹೆಸರು. ಒಂದೇ ಲಾಳಿಗೆ ಹತ್ತಾರು ಬಾಯಿ, ಅದರಿಂದ ರೋಗವೂ ಹರಡುತ್ತಿತ್ತು, ಹತ್ತಿಯ ಧೂಳೂ ಎದೆಗೆ ಇಳಿಯುತ್ತಿತ್ತು.

ನನಗೆ ತಡೆಯಲಿಲ್ಲ. ಇನ್ನೊಮ್ಮೆ ಮಗ್ಗ ಓಡಿಸುತ್ತೀರಾ ಎಂದು ಕೇಳಿ ಮನೆಗೆ ಫೋನ್ ಹಚ್ಚಿದೆ. ಅಮ್ಮ ಎತ್ತಿ ಅಪ್ಪನ ಕೈಗೆ ಕೊಟ್ಟರು. ಮೊಬೈಲನ್ನು ಮಗ್ಗದ ಹತ್ತಿರ ಹಿಡಿದೆ. ಒಂದು ನಿಮಿಷ. ಆಚೆ ಬಂದು ಕಿವಿಗಿಟ್ಟುಕೊಂಡು "ಅಪ್ಪಾ, ಏನಂತ ಹೇಳಿ ನೋಡಾಣ" ಎಂದು ಕೂಗಿದೆ.

"ಜೋರು ಮಳೆ ಏನವ್ವಾ ಅಲ್ಲಿ?" ಎಂದರು.

ಹೌದಪ್ಪಾ, ಮಳೆ ಎಂದೆ. ಬಸ್ ಸ್ಟಾಪಿಗೆ ಬಂದಾಗ ನಿಜವಾಗಿಯೂ ಬರುತ್ತಿತ್ತು.

ಆ ಕಡೆಯಲ್ಲೇ ಡಾರ್ವನ್ ಎಂಬ ಊರಿದೆ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಮಿಲ್ಲಿನ ಕೆಲಸಗಾರರನ್ನು ಕಂಡಿದ್ದರು. ವಿದೇಶಿ ಬಟ್ಟೆ ಬಹಿಷ್ಕಾರದಿಂದ ಪೆಟ್ಟು ತಿಂದಿದ್ದ ಜನ ಅವರು. ಹಾಗಿದ್ದೂ ಮಿಲ್ಲಿನ ಹೆಂಗಸರು ಗಾಂಧೀಜಿಯ ಸುತ್ತ ನಿಂತು ಕೈ ಎತ್ತಿ ಜೈಕಾರ ಹಾಕುವ ಫೋಟೋ ಇದೆ. ಎಷ್ಟೋ ಸಲ ನೋಡಿದ್ದೆ. ಬರ್ನ್‌ಲಿಯಿಂದ ಬಂದ ಮೇಲೆ ನೋಡಿದಾಗ, ಗಾಂಧೀಜಿಯನ್ನು ಬಿಟ್ಟು ಆ ಹೆಂಗಸರ ತುಟಿಗಳನ್ನೇ ನೋಡುತ್ತಾ ಕೂತೆ.

2010ರ ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಪ್ರಬಂಧ ಒಪ್ಪಿಸಿ ಊರಿಗೆ ಬಂದೆ. ಹೊರಡುವ ಮುಂಚೆ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 6 ಪೌಂಡಿಗೆ ಒಂದು ಲಾಳಿ ಸಿಕ್ಕಿತ್ತು. ಗಟ್ಟಿ ಮರ, ಎರಡೂ ತುದಿಗೆ ಉಕ್ಕಿನ ಮೊನೆ, ಕೈ ತಾಗಿ ತಾಗಿ ಹೊಳಪು ಬಂದಿತ್ತು. ಅಮ್ಮನಿಗೆ ಶಾಲು, ತಮ್ಮನಿಗೆ ಫುಟ್‌ಬಾಲ್ ಟೀ ಶರ್ಟು, ಅಪ್ಪನಿಗೆ ಇದು.

ಅಪ್ಪ ಕನ್ನಡಕ ಹಾಕಿಕೊಂಡರು. ಲಾಳಿಯನ್ನು ತಿರುಗಿಸಿ ನೂಲು ಹೊರಬರುವ ತೂತಿನ ಕಡೆ ನೋಡಿದರು. ಬೆರಳಿನಿಂದ ಮೊನೆ ಸವರಿ "ಒಂದು ಕಡೆ ಜಾಸ್ತಿ ಸವೆದಿದೆ. ಆ ಮಗ್ಗದ ಜಾಬರ್ ಸೋಮಾರಿ" ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ತೂತಿನ ಧೂಳನ್ನು ಉಫ್ ಎಂದು ಊದಿ, ಕಂಡಿಕೆಯಿಲ್ಲದ, ನೂಲಿಲ್ಲದ ಆ ಲಾಳಿಗೆ ಬಾಯಿಟ್ಟು ಸರಕ್ಕನೆ ಒಮ್ಮೆ ಎಳೆದರು.

"ರೀ!" ಅಡುಗೆಮನೆ ಬಾಗಿಲಿನಿಂದ ಅಮ್ಮ ಕೂಗಿದರು. "ಯಾರ್ಯಾರು ಬಾಯಿಗೆ ಇಟ್ಟಿದ್ರೋ ಏನೋ, ತೊಳ್ಕೊಂಡಾದ್ರೂ ಇಡಬಾರದಾ?"

ಅಪ್ಪನಿಗೆ ಕೇಳಿಸಲಿಲ್ಲ.