ಕಪ್‌ನಿಂದ ಕಳಚಿದ ಹೆಸರುಗಳು

ಟೊರಾಂಟೊದ ಯೂನಿಯನ್ ಸ್ಟೇಷನ್‌ನಲ್ಲಿ ರೈಲಿಳಿದು ಸ್ವಲ್ಪ ದೂರ ನಡೆದರೆ, ಯಂಗ್ ಮತ್ತು ಫ್ರಂಟ್ ಬೀದಿಗಳು ಕೂಡುವ ಮೂಲೆಯಲ್ಲಿ ಹಳೆಯ ಕಲ್ಲಿನ ಕಟ್ಟಡವೊಂದು ಸಿಗುತ್ತದೆ. 1885ರಲ್ಲಿ ಬ್ಯಾಂಕ್ ಆಫ್ ಮಾಂಟ್ರಿಯಲ್ ಕಟ್ಟಿಸಿದ್ದು. 1993ರಿಂದ ಇದು ಹಾಕಿ ಹಾಲ್ ಆಫ್ ಫೇಮ್‌ನ ನೆಲೆ. ಕೆನಡಾದವರು ತಮ್ಮ ಐಸ್ ಹಾಕಿಯ ಕಲಿಗಳನ್ನು ನೆನೆಯುವ ಜಾಗ.

ಕೆಳಗಿನ ಅಂತಸ್ತಿನಲ್ಲಿ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಹೊಡೆಯುವ ಆಟಗಳಿವೆ, ಮಕ್ಕಳ ಗದ್ದಲವಿದೆ. ಅದನ್ನು ದಾಟಿ ಮೆಟ್ಟಿಲೇರಿದೆ. ಮೇಲಿರುವುದು ಒಂದು ಕಾಲಕ್ಕೆ ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದ ಹಜಾರ. ತಲೆಯೆತ್ತಿದರೆ ಬಣ್ಣದ ಗಾಜಿನ ಗುಮ್ಮಟ, ಅದರಲ್ಲಿ ಚಿನ್ನ ಕಾಯುವ ಡ್ರ್ಯಾಗನ್‌ಗಳು. ಸುತ್ತಲೂ ಗೌರವಕ್ಕೆ ಪಾತ್ರರಾದ ಆಟಗಾರರ ಹೆಸರುಗಳು. ನಿವೃತ್ತಿಯಾಗಿ ಮೂರು ವರ್ಷ ಕಳೆದ ಮೇಲಷ್ಟೇ ಇಲ್ಲಿಗೆ ಪ್ರವೇಶ. ಕೆಲವೇ ಕೆಲವರಿಗೆ ಈ ನಿಯಮ ಸಡಿಲಿಸಿದ್ದುಂಟು; 2,857 ಅಂಕ ಗಳಿಸಿದ ವೇಯ್ನ್ ಗ್ರೆಟ್ಸ್ಕಿಗೆ 1999ರಲ್ಲಿ, ನಿವೃತ್ತಿಯಾದ ವರ್ಷವೇ ಬಾಗಿಲು ತೆರೆದರು.

ಜನ ಮುಗಿಬೀಳುವುದು ಸ್ಟ್ಯಾನ್ಲಿ ಕಪ್ ಮುಂದೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಗೆದ್ದ ತಂಡಕ್ಕೆ ಸಿಗುವ, ಗೆದ್ದವರ ಹೆಸರು ಕೆತ್ತುವ ಟ್ರೋಫಿಯಿದು. ಅದನ್ನು ಮುಟ್ಟಬಹುದು. ಗೆಲ್ಲುವ ಮೊದಲು ಮುಟ್ಟಿದರೆ ಗೆಲುವು ದಕ್ಕುವುದಿಲ್ಲವೆಂದು ಆಟಗಾರರೇ ದೂರ ನಿಲ್ಲುತ್ತಾರಂತೆ. ನನಗೆ ಆ ಭಯವಿರಲಿಲ್ಲ. ಬೆಳ್ಳಿಯ ಮೇಲೆ ಬೆರಳಾಡಿಸುತ್ತಾ ಒತ್ತೊತ್ತಾಗಿ ಅಚ್ಚೊತ್ತಿದ ಸಣ್ಣ ಅಕ್ಷರಗಳನ್ನು ಓದಿದೆ. ಕೆಳಭಾಗದಲ್ಲಿ ಐದು ಅಗಲ ಪಟ್ಟಿಗಳಿವೆ. ಸಾಮಾನ್ಯವಾಗಿ ಒಂದೊಂದರಲ್ಲೂ 13 ವರ್ಷಗಳ ವಿಜೇತರಿಗೆ ಜಾಗ. ಕೊನೆಯ ಪಟ್ಟಿ ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ಕಳಚಿ, ಕೆಳಗೆ ಹೊಸ ಪಟ್ಟಿ ಕೂರಿಸುತ್ತಾರೆ. 2018ರಲ್ಲಿ ಕಳಚಿದ್ದು 1954ರಿಂದ 1965ರವರೆಗಿನ ಪಟ್ಟಿ. ಅದರೊಂದಿಗೆ ಡೆಟ್ರಾಯಿಟ್ ತಂಡದ ಗಾರ್ಡಿ ಹೌ ಹೋದರು, ಮಾಂಟ್ರಿಯಲ್ ತಂಡದ ಮೊರಿಸ್ ರಿಷಾರ್ ಹೋದರು. 50 ಪಂದ್ಯಗಳಲ್ಲಿ 50 ಗೋಲು ಹೊಡೆದ ಮೊದಲಿಗ ಈ ರಿಷಾರ್. 1955ರಲ್ಲಿ ಅವರನ್ನು ಅಮಾನತು ಮಾಡಿದ್ದಕ್ಕೆ ಮಾಂಟ್ರಿಯಲ್ ಜನ ಬೀದಿಗಿಳಿದು ದೊಂಬಿ ಎಬ್ಬಿಸಿದ್ದರು. ಕಪ್ ಮೇಲೆ ಹೆಸರು ಮೂಡಿದ ಮೊದಲ ಮಹಿಳೆ, ಡೆಟ್ರಾಯಿಟ್ ತಂಡದ ಅಧ್ಯಕ್ಷೆಯಾಗಿದ್ದ ಮಾರ್ಗರೀಟ್ ನಾರಿಸ್ ಕೂಡ ಅದೇ ಪಟ್ಟಿಯಲ್ಲಿದ್ದವರು. ಮುಂದಿನ ಸರದಿ ಇನ್ನೊಬ್ಬ ದಿಗ್ಗಜ ಆಟಗಾರ ಬಾಬಿ ಓರ್ ಹೆಸರಿರುವ ಪಟ್ಟಿಯದು.

ಪಕ್ಕದಲ್ಲೇ ಬ್ಯಾಂಕಿನ ಹಳೆಯ ಭದ್ರತಾ ಕೋಣೆ. ದಪ್ಪ ಬಾಗಿಲು ದಾಟಿದರೆ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಮೂಲ ಬಟ್ಟಲು ಮತ್ತು ಕಳಚಿದ ಪಟ್ಟಿಗಳು. ಹೊರಗಿನ ಹೊಳಪಿನ ಕಪ್‌ಗಿಂತ ಇಲ್ಲಿಯೇ ನಾನು ಹೆಚ್ಚು ಹೊತ್ತು ನಿಂತೆ. ಹೊಸಬರಿಗೆ ಜಾಗ ಬಿಟ್ಟುಕೊಟ್ಟವರನ್ನು ಮೂಲೆಗೆಸೆಯದೆ ತಿಜೋರಿಯಲ್ಲಿಟ್ಟು ಕಾಯುವ ಈ ಕ್ರಮದ ಮೇಲೆ ನನಗೆ ತುಂಬು ಗೌರವ ಮೂಡಿತು.

ಆದರೆ ಮಹಿಳಾ ಆಟಗಾರ್ತಿಯರಿಗೆ ಈ ಹಜಾರದ ಬಾಗಿಲು ತೆರೆದದ್ದು 2010ರಲ್ಲಿ ಎಂಬುದು ನನ್ನನ್ನು ನೋಯಿಸಿತು. ಮೊದಲು ಬಂದವರು ಅಮೆರಿಕದ ಕ್ಯಾಮಿ ಗ್ರನಾಟೊ ಮತ್ತು ಇದೇ ಊರಿನ ಏಂಜೆಲಾ ಜೇಮ್ಸ್. 1990ರ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೇಮ್ಸ್ ಐದು ಪಂದ್ಯಗಳಲ್ಲಿ 11 ಗೋಲು ಹೊಡೆದು ಕೆನಡಾಕ್ಕೆ ಚಿನ್ನ ತಂದವರು. ಮಹಿಳಾ ಐಸ್ ಹಾಕಿ ಮೊದಲ ಬಾರಿ ಒಲಿಂಪಿಕ್ಸ್ ಸೇರಿದ 1998ರಲ್ಲಿ ಅವರಿಗೇ ತಂಡದಲ್ಲಿ ಜಾಗ ಸಿಗಲಿಲ್ಲ.

ಅವರು ಬೆಳೆದದ್ದು ಫ್ಲೆಮಿಂಗ್ಡನ್ ಪಾರ್ಕ್‌ನಲ್ಲಿ. ಅಲ್ಲಿನ ರಿಂಕ್‌ಗೆ, ಅಂದರೆ ಐಸ್ ಹಾಕಿ ಅಂಕಣಕ್ಕೆ, 2009ರಿಂದ ಅವರದೇ ಹೆಸರು. ಮಧ್ಯಾಹ್ನ ಅಲ್ಲಿಗೆ ಬಸ್ ಹಿಡಿದೆ. ನಮ್ಮ ಉಪಖಂಡದಿಂದ ಬಂದ ಕುಟುಂಬಗಳೂ ಬಹಳಷ್ಟಿರುವ ಬಡಾವಣೆಯದು. ರಿಂಕ್‌ನ ಹೊರಗೋಡೆಯ ಮೇಲೆ ಜೇಮ್ಸ್ ಹೆಸರನ್ನು ನಿಂತು ಓದಿದೆ. ಇದನ್ನು ಕಳಚುವ ಸರದಿ ಯಾವತ್ತೂ ಬಾರದಿರಲಿ.