ಸಲಿಂಗ ವಿವಾಹ: ನೆಲ್ಲಕ್ಕಿ ದೀಪವೂ ಸಬ್‌ರಿಜಿಸ್ಟ್ರಾರ್ ಕಚೇರಿಯೂ

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವ ಮಾತು ಬಂದರೆ ಕೊಡಗಿನಲ್ಲಿ ಎರಡು ಉತ್ತರ ತಯಾರಾಗಿರುತ್ತವೆ. ಒಂದು, ನಮ್ಮ ಪದ್ಧತಿಯಲ್ಲಿ ಅಂಥದ್ದಿಲ್ಲ. ಇನ್ನೊಂದು, ದೇವರು ಒಪ್ಪುವುದಿಲ್ಲ. ಎರಡನ್ನೂ ಹೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ ಬೇರೆ: ಇಂಥ ಜೋಡಿಯ ಮದುವೆಯನ್ನು ಕಾನೂನು ಒಪ್ಪಬೇಕೇ? ಅದಕ್ಕೆ ಎರಡೂ ತಾಗುವುದಿಲ್ಲ.

ಕೋರ್ಟಿನಲ್ಲಿ ವಾದ ನಡೆದದ್ದು 1954ರ ವಿಶೇಷ ವಿವಾಹ ಕಾಯ್ದೆಯ ಮೇಲೆ. ಕೆಲವು ಅರ್ಜಿಗಳು ಹಿಂದೂ ವಿವಾಹ ಕಾಯ್ದೆಯನ್ನೂ ಎಳೆದು ತಂದಿದ್ದವು. 2023ರ ಏಪ್ರಿಲ್‌ನಲ್ಲಿ ವಿಚಾರಣೆ ಶುರುವಾದಾಗಲೇ ಪೀಠ ವೈಯಕ್ತಿಕ ಕಾನೂನುಗಳನ್ನು (ಆಯಾ ಧರ್ಮದ ಮದುವೆ, ಕುಟುಂಬದ ಕಾನೂನು) ಬದಿಗಿಟ್ಟಿತು. ಅಂದರೆ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಗುರುಗಳು ಆಶೀರ್ವದಿಸಬೇಕು, ಮಸೀದಿಯಲ್ಲಿ ನಿಕಾಹ್ ಓದಬೇಕು, ಕೊಡವರ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ (ನಡುಮನೆ) ದೀಪದ ಮುಂದೆ ಅಕ್ಕಿ ಹಾಕಬೇಕು ಎಂಬುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ವಿಶೇಷ ವಿವಾಹದಲ್ಲಿ ಧರ್ಮಕ್ಕೆ ಜಾಗವೇ ಇಲ್ಲ. ಸಬ್‌ರಿಜಿಸ್ಟ್ರಾರರಿಗೆ ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ನೋಟಿಸ್ ಫಲಕದ ಮೇಲೆ ಅಂಟಿಸುತ್ತಾರೆ, 30 ದಿನ ಆಕ್ಷೇಪಣೆಗೆ ಕಾಯುತ್ತಾರೆ, ಆಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. ವಯಸ್ಸು, ಈಗಾಗಲೇ ಜೀವಂತ ಸಂಗಾತಿ ಇರುವುದು, ನಿಷಿದ್ಧ ಸಂಬಂಧ, ಸಮ್ಮತಿ ಕೊಡುವ ಮಾನಸಿಕ ಸಾಮರ್ಥ್ಯವಿಲ್ಲದಿರುವುದು ಇವಿಷ್ಟೇ ಆಕ್ಷೇಪಣೆಗೆ ಕಾರಣವಾಗಬಹುದು. ಧರ್ಮ ಬೇರೆ ಎಂದು ಯಾರೂ ತಕರಾರು ಎತ್ತುವಂತಿಲ್ಲ. (ಮಡಿಕೇರಿಯಂಥ ಊರಿನಲ್ಲಿ ಆ ಫಲಕ ಸಂಜೆಯೊಳಗೆ ನೆಂಟರ ವಾಟ್ಸ್‌ಆ್ಯಪ್‌ಗೆ ತಲುಪುತ್ತದೆ. ಅಂತರಧರ್ಮೀಯ ಜೋಡಿಗಳನ್ನು ಕೇಳಿದರೆ ಗೊತ್ತಾಗುತ್ತದೆ.)

ಕೊಡವರ ಮಂಗಲವನ್ನು, ಅಂದರೆ ಮದುವೆಯನ್ನು, ಹತ್ತಿರದಿಂದ ನೋಡಿದವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು. ಅಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ. ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಆದರೆ ಮದುವೆಯ ನಿಜವಾದ ಗಂಟು ಬೀಳುವುದು ಸಂಬಂಧ ಕೊಡುವಾಗ. ಎರಡೂ ಒಕ್ಕದ (ಮನೆತನದ) ಅರುವರು, ಅಂದರೆ ಒಕ್ಕದ ಪರ ಮಾತಾಡುವವರು, ಎದುರುಬದುರು ನಿಂತು, ಹೆಣ್ಣಿಗೆ ಹೊಸ ಮನೆಯಲ್ಲಿ ಏನೇನು ಹಕ್ಕು ಎಂದು ಸಭೆಗೆ ಕೇಳುವಂತೆ ಪ್ರಶ್ನೋತ್ತರದಲ್ಲಿ ಒಪ್ಪಿಸುತ್ತಾರೆ. ಹಕ್ಕಿನ ಗುರುತಾಗಿ ಸಣ್ಣ ಕಲ್ಲುಗಳು. ಹನ್ನೆರಡರಲ್ಲಿ ಹನ್ನೊಂದನ್ನು ಕೊಟ್ಟು ಒಂದನ್ನು ತವರಿನ ಕಡೆ ಉಳಿಸಿಕೊಳ್ಳುವುದು ವಾಡಿಕೆ. ಗಂಡ ಸತ್ತರೆ, ಸಂಸಾರ ಮುರಿದರೆ ಅವಳು ತವರಿಗೆ ಮರಳಬಹುದು ಎಂಬುದಕ್ಕೆ ಆ ಒಂದು ಕಲ್ಲು. ಇದು ಸಾಕ್ಷಿಗಳ ಮುಂದೆ ಬಾಯಿಮಾತಿನಲ್ಲಿ ನಡೆಯುವ ಕರಾರು. ಗಂಡು ಸಂತಾನವಿಲ್ಲದ ಮನೆಗೆ ಅಳಿಯನೇ ಬಂದು ಹೆಂಡತಿಯ ಒಕ್ಕದ ಹೆಸರು ಹೊರುವ ಒಕ್ಕಪರಿಜೆಯೂ ಇದೇ ಪದ್ಧತಿಯೊಳಗಿದೆ.

ಇದರಿಂದ ಹಿರಿಯರು ಸಲಿಂಗ ಮದುವೆಗೆ ಒಪ್ಪುತ್ತಾರೆ ಎಂದು ಸಾಧಿಸಲಾಗದು. ಹಾಗೆ ವಾದಿಸುವವರು ಆತುರ ಮಾಡುತ್ತಿದ್ದಾರೆ. ಒಕ್ಕ ಮುಂದುವರಿಯಬೇಕು, ಮಕ್ಕಳಾಗಬೇಕು ಎಂಬುದು ಆ ಇಡೀ ಕರಾರಿನ ತಳಪಾಯ. ಒಕ್ಕ ತನ್ನ ದೀಪದ ಮುಂದೆ ಯಾರನ್ನು ನಿಲ್ಲಿಸಬೇಕು ಎಂಬುದು ಒಕ್ಕಕ್ಕೆ ಬಿಟ್ಟದ್ದು. ಸರ್ಕಾರದ ಮದುವೆ ನೋಂದಣಿ ಪುಸ್ತಕಕ್ಕೆ ಆ ಸ್ವಾತಂತ್ರ್ಯವಿಲ್ಲ. ಮಕ್ಕಳಿಲ್ಲದ ಗಂಡಹೆಂಡಿರ ಹೆಸರನ್ನು ಅದು ಹೊಡೆದು ಹಾಕುವುದಿಲ್ಲವಲ್ಲ.

ವಿರೋಧಿಗಳ ಗಟ್ಟಿ ವಾದ ಇರುವುದು ಕಾಯ್ದೆಯ ಒಳಗೆ, ಮತ್ತು ಅದನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಸೆಕ್ಷನ್ 4 ಗಂಡಿಗೆ 21, ಹೆಣ್ಣಿಗೆ 18 ಎನ್ನುತ್ತದೆ. ಜೀವನಾಂಶ ಕೇಳುವ ಹಕ್ಕು ಹೆಂಡತಿಗೆ ಮಾತ್ರ. 21ಎ ಪ್ರಕಾರ ಇಬ್ಬರೂ ಹಿಂದೂಗಳಾದರೆ ಹಿಂದೂ ಉತ್ತರಾಧಿಕಾರ, ಒಬ್ಬರು ಕ್ರೈಸ್ತರಾದರೆ ಭಾರತೀಯ ಉತ್ತರಾಧಿಕಾರ ಕಾಯ್ದೆ. ಒಂದು ಪದ ಬದಲಿಸಿದರೆ ಹತ್ತು ಕಾಯ್ದೆಗಳಲ್ಲಿ ಗಂಡ ಯಾರು, ಹೆಂಡತಿ ಯಾರು ಎಂದು ಹುಡುಕಬೇಕಾಗುತ್ತದೆ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ ಎಂದರು. ಒಡಕು ಬಂದದ್ದು ಮದುವೆಯಲ್ಲದ ಕಾನೂನುಬದ್ಧ ಜೊತೆಬಾಳುವೆಯ ಬಗ್ಗೆ: ಚಂದ್ರಚೂಡ್, ಕೌಲ್ ಬೇಕೆಂದರು, ಭಟ್, ಕೊಹ್ಲಿ, ನರಸಿಂಹ ಬೇಡವೆಂದರು. ಲಿಂಗಾಂತರಿ ವ್ಯಕ್ತಿ ಗಂಡುಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿನ ಕಾನೂನಿನಲ್ಲೇ ಮದುವೆಯಾಗಬಹುದು ಎಂಬುದು ಅದೇ ತೀರ್ಪಿನಲ್ಲಿದೆ. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ಬಿದ್ದುಹೋದವು.

ಹಾಗಾದರೆ ಇವತ್ತು ಒಂದು ತೋಟದ ಮನೆಯಲ್ಲಿ ಜೊತೆಗಿರುವ ಇಬ್ಬರು ಗಂಡಸರು ಏನು ಮಾಡಬಹುದು? ಕಾಗದ ಮಾಡಿಡಬಹುದು, ಮತ್ತು ಪ್ರತಿ ಕಾಗದ ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರಬೇಕು.

ಮೊದಲು ಉಯಿಲು. ಬರೆದವರು ಸಹಿ ಮಾಡುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ಬರೆದವರ ಎದುರೇ ತಾವೂ ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಸಾಕ್ಷಿಗಳು ಬರೆಯುವವರಿಗಿಂತ ಚಿಕ್ಕವರಾಗಿರಲಿ. ಅಣ್ಣತಮ್ಮಂದಿರು ತಕರಾರು ತೆಗೆದಾಗ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. ಆಸ್ತಿ ಪಡೆಯುವ ಸಂಗಾತಿಯೇ ಸಾಕ್ಷಿಯಾಗುವುದು ಬೇಡ. ಕೊಡಗಿನಲ್ಲಿ ಹೆಚ್ಚು ಎಡವುವುದು ಜಮ್ಮಾ ಜಾಗದಲ್ಲಿ, ಅಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗದಲ್ಲಿ: ಪಟ್ಟೆದಾರರ (ಒಕ್ಕದ ಮುಖ್ಯಸ್ಥರ) ಹೆಸರಿನಲ್ಲಿರುವ, ಪಾಲಾಗದ ಜಾಗವನ್ನು ‘ನನ್ನ ತೋಟ’ ಎಂದು ಬರೆದರೆ ಇಡೀ ಒಕ್ಕ ಎದುರಾಳಿಯಾಗುತ್ತದೆ. ಸರ್ವೆ ನಂಬರ್ ಹಾಕಿ, ‘ಇದರಲ್ಲಿ ನನ್ನ ಪಾಲಿಗೆ ಬರುವ ಹಕ್ಕು’ ಎಂದು ಬರೆಯಬೇಕು. ಮುಸ್ಲಿಮರಾದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಯಿಲಿನಲ್ಲಿ ಕೊಡಲಾಗದು. ಬದುಕಿರುವಾಗಲೇ ದಾನಪತ್ರ ಮಾಡುವುದಾದರೆ, ಸಂಗಾತಿ ಕಾನೂನಿನ ಕುಟುಂಬದವರಲ್ಲ, ಹಾಗಾಗಿ ರಿಯಾಯಿತಿಯಿಲ್ಲದೆ ಪೂರ್ತಿ ಮುದ್ರಾಂಕ ಶುಲ್ಕ.

ಬ್ಯಾಂಕು ಸುಲಭವಾಗಿದೆ. ಜಂಟಿ ಖಾತೆಗೂ ನಾಮಿನಿಗೂ ತಡೆಯಿಲ್ಲ ಎಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಸ್ಪಷ್ಟಪಡಿಸಿದೆ. ಶಾಖೆಯಲ್ಲಿ ತಲೆಯಾಡಿಸಿದರೆ ಆ ಸ್ಪಷ್ಟನೆಯ ಪ್ರತಿ ತೋರಿಸಿ. ಆದರೆ ನಾಮಿನಿ ಹಣ ಪಡೆದುಕೊಳ್ಳುವವರೇ ಹೊರತು ಒಡೆಯರಲ್ಲ. ಉಯಿಲಿಲ್ಲದಿದ್ದರೆ ವಾರಸುದಾರರು ಬಂದು ಕೇಳುತ್ತಾರೆ.

ಆಸ್ಪತ್ರೆಗೆ ಮುಂಗಡ ವೈದ್ಯಕೀಯ ನಿರ್ದೇಶನ (ಮಾತು ನಿಂತಾಗ ಯಾವ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಬರೆದಿಡುವ ಕಾಗದ): ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಿಮ್ಮ ಪರವಾಗಿ ತೀರ್ಮಾನಿಸುವವರ ಹೆಸರು. ಮಾನಸಿಕ ಆರೋಗ್ಯ ಕಾಯ್ದೆ 2017ರಡಿ ಬಿಳಿ ಹಾಳೆಯ ಮೇಲೆ ಸಹಿ ಮಾಡಿ ಯಾರನ್ನು ಬೇಕಾದರೂ ಪ್ರತಿನಿಧಿಯಾಗಿ ನೇಮಿಸಬಹುದು. ಮುಕ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಒಂದನ್ನೇ ನೆಚ್ಚಿಕೊಳ್ಳಬೇಡಿ. ಕೊಟ್ಟವರು ಸತ್ತ ಕ್ಷಣ ಅದೂ ಸಾಯುತ್ತದೆ.

ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷದ ಮದುವೆ ಬೇಕು, ಅದು ಸದ್ಯಕ್ಕೆ ಮುಚ್ಚಿದ ಬಾಗಿಲು. ಭವಿಷ್ಯನಿಧಿ (ಪಿಎಫ್) ಇನ್ನೂ ಮೋಸದ್ದು. ‘ಕುಟುಂಬ’ ಇರುವ ಚಂದಾದಾರರು ಹೊರಗಿನವರನ್ನು ನಾಮಿನಿ ಮಾಡಿದರೆ ನಾಮಿನೇಷನ್ ಊರ್ಜಿತವಲ್ಲ, ಮತ್ತು ಅವಲಂಬಿತ ತಂದೆತಾಯಿಯೂ ಅಲ್ಲಿ ಕುಟುಂಬವೇ. ತೋಟದ ರೈಟರೊಬ್ಬರು (ಲೆಕ್ಕ ಬರೆಯುವ ಗುಮಾಸ್ತರು) ಸಂಗಾತಿಯ ಹೆಸರು ಬರೆದಿಟ್ಟಿದ್ದರೂ, ಆ ರೈಟರನ್ನೇ ನಂಬಿಕೊಂಡಿರುವ ತಾಯಿ ಮನೆಯಲ್ಲಿದ್ದರೆ, ಆ ಹಣ ಸಂಗಾತಿಯ ಕೈಸೇರುವುದಿಲ್ಲ.