ಫುಟ್‌ಬಾಲ್ ಆಡಿಸಿದರೆ ಗಲಭೆ ನಿಲ್ಲುತ್ತಾ?

ನೈರೋಬಿಯಲ್ಲಿದ್ದೇನೆ ಅಂದರೆ ಊರಿನವರು ಮೊದಲು ಸಿಂಹದ ಬಗ್ಗೆ ಕೇಳುತ್ತಾರೆ. ಆಮೇಲೆ ಗಲಾಟೆ ಬಗ್ಗೆ. ಇಲ್ಲಿನ ಕೊಳೆಗೇರಿಗಳ ಹುಡುಗರ ಸಂಘಗಳ ಜೊತೆ ನನಗೆ ಒಡನಾಟ ಇದೆ ಅಂತ ಗೊತ್ತಿರುವವರು ಇನ್ನೊಂದು ಪ್ರಶ್ನೆ ಇಟ್ಟುಕೊಂಡೇ ಬರುತ್ತಾರೆ. "ಅಲ್ಲಾ, ಆ ಹುಡುಗರಿಗೆ ಒಂದು ಚೆಂಡು ಕೊಟ್ಟು, ಎರಡು ದಿನ ಲೀಡರ್‌ಶಿಪ್ ಕ್ಯಾಂಪ್ ಮಾಡಿದರೆ ಗಲಭೆ ನಿಂತುಬಿಡುತ್ತಾ?" ಕೇಳುವ ಧಾಟಿಯಲ್ಲೇ ಅರ್ಧ ನಗು ಇರುತ್ತದೆ.

ಚೆಂಡಿನಿಂದ ನಿಲ್ಲುವುದಿಲ್ಲ. ಕ್ಯಾಂಪಿನಿಂದಂತೂ ಇಲ್ಲವೇ ಇಲ್ಲ. ಆದರೆ ಪಂದ್ಯ ಹೇಗೆ ನಡೆಯಬೇಕು, ಯಾರಿಗೆ ಶಿಕ್ಷೆ, ದುಡ್ಡು ಯಾರ ಕೈಯಲ್ಲಿರಬೇಕು ಅನ್ನುವುದನ್ನೆಲ್ಲ ಹುಡುಗರೇ ತೀರ್ಮಾನಿಸುವಂತಾದರೆ, ಅವರನ್ನು ಗಲಭೆಯ ಕೂಲಿಗೆ ಕರೆಯುವವನ ಕೆಲಸ ಕಷ್ಟವಾಗುತ್ತದೆ. ಕಷ್ಟವಾಗುತ್ತದೆ ಅಂದೆ, ಆಗುವುದೇ ಇಲ್ಲ ಅನ್ನಲಿಲ್ಲ.

ಕೂಲಿ ಅನ್ನುವ ಮಾತನ್ನು ಸುಮ್ನೆ ಬಳಸಿಲ್ಲ. 2007ರ ಡಿಸೆಂಬರ್ 27ರಂದು ಕೀನ್ಯಾದಲ್ಲಿ ಚುನಾವಣೆ ನಡೆಯಿತು. ಮೂರು ದಿನ ಬಿಟ್ಟು, ಆಗಿನ ಅಧ್ಯಕ್ಷ ಮ್ವಾಯ್ ಕಿಬಾಕಿಯೇ ಮತ್ತೆ ಗೆದ್ದರು ಅಂತ ಘೋಷಣೆ ಆಯಿತು. ಅವರ ಎದುರು ನಿಂತಿದ್ದ ರೈಲಾ ಒಡಿಂಗಾ ಕಡೆಯವರು ಇದು ಮೋಸ ಅಂದರು. ಅವತ್ತು ರಾತ್ರಿಯಿಂದಲೇ ಬೆಂಕಿ. ನೈರೋಬಿಯ ಕಿಬೇರಾ ಕೊಳೆಗೇರಿಯ ಹುಡುಗರು ತಮ್ಮ ಕೇರಿಯ ನಡುವೆ ಹಾದುಹೋಗುವ ರೈಲು ಹಳಿಯನ್ನೇ ಕಿತ್ತುಹಾಕಿದರು. ಮೊಂಬಾಸಾದಿಂದ ಉಗಾಂಡಾಕ್ಕೆ ಸರಕು ಹೋಗುವ ಹಳಿ ಅದು. ಇನ್ನೊಂದು ಕೊಳೆಗೇರಿ ಮಥಾರೆಯಲ್ಲಿ ಒಡಿಂಗಾ ಅವರ ಬುಡಕಟ್ಟಾದ ಲುವೊ ಜನ ಒಂದು ಕಡೆ, ಕಿಬಾಕಿ ಅವರ ಬುಡಕಟ್ಟಾದ ಕಿಕುಯು ಜನ ಇನ್ನೊಂದು ಕಡೆ ಆದರು. 2008ರ ಫೆಬ್ರವರಿ 28ರಂದು ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ಇಬ್ಬರು ನಾಯಕರನ್ನೂ ಕೂರಿಸಿ ಒಪ್ಪಂದಕ್ಕೆ ಸಹಿ ಹಾಕಿಸುವವರೆಗೂ ದೇಶ ಉಸಿರು ಬಿಗಿಹಿಡಿದುಕೊಂಡಿತ್ತು. ಆಮೇಲೆ ಗಲಭೆಯ ತನಿಖೆ ಮಾಡಿದ ನ್ಯಾಯಮೂರ್ತಿ ವಾಕಿ ಅವರ ಆಯೋಗ ಸತ್ತವರ ಲೆಕ್ಕ ಕೊಟ್ಟಿತು: 1,133. ಅದರಲ್ಲಿ 405 ಜನ ಗುಂಡೇಟಿಗೆ ಸತ್ತವರು. ಕೆಲವು ಕಡೆ ಜನ ತಾವಾಗಿಯೇ ರೊಚ್ಚಿಗೆದ್ದಿದ್ದರು. ಕೆಲವು ಕಡೆ ರಾಜಕಾರಣಿಗಳು, ವ್ಯಾಪಾರಸ್ಥರು ದುಡ್ಡು ಕೊಟ್ಟು ಮಾಡಿಸಿದ್ದರು. ಎರಡೂ ಆ ವರದಿಯಲ್ಲಿದೆ.

ಹಾಗಾಗಿ "ಹುಡುಗರಿಗೆ ಶಾಂತಿ ಕಲಿಸಬೇಕು" ಅಂತ ಯಾರಾದರೂ ಅಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ದುಡ್ಡು ಕೊಟ್ಟವರಿಗೆ ಯಾರು ಕಲಿಸುತ್ತಾರೆ? ಆ ಗಲಭೆಯಲ್ಲಿ ಎದುರುಬದುರು ಪಾಳಯದಲ್ಲಿದ್ದ ಉಹುರು ಕೆನ್ಯಾಟ್ಟಾ ಮತ್ತು ವಿಲಿಯಂ ರುಟೊ ಇಬ್ಬರ ಮೇಲೂ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಮೊಕದ್ದಮೆ ಇತ್ತು. ಆ ಇಬ್ಬರೇ 2013ರಲ್ಲಿ ಜೋಡಿಯಾಗಿ ನಿಂತು ಗೆದ್ದು ಅಧ್ಯಕ್ಷ, ಉಪಾಧ್ಯಕ್ಷ ಆದರು. ಮುಂದೆ ಮೊಕದ್ದಮೆಗಳೂ ಬಿದ್ದುಹೋದವು. ದೊಡ್ಡವರು ರಾಜಿಯಾಗುವುದು ಎಷ್ಟು ಸಲೀಸು ನೋಡಿ. ಮನೆ ಸುಟ್ಟುಕೊಂಡವರು ಮಾತ್ರ ಅದೇ ಗಲ್ಲಿಯಲ್ಲಿ ಪಕ್ಕದವನ ಮುಖ ನೋಡಿಕೊಂಡು ಬದುಕಬೇಕು.

ಈಗ ಚೆಂಡಿನ ವಿಷಯಕ್ಕೆ ಬರುತ್ತೇನೆ. ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ. ಎಲ್ಲರೂ 'ಮೈಸಾ' ಅನ್ನುತ್ತಾರೆ. 1987ರಲ್ಲಿ ಬಾಬ್ ಮನ್ರೋ ಅನ್ನುವ ಕೆನಡಾದವರು ಶುರುಮಾಡಿದ್ದು. ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ ಚೆಂಡಿನಲ್ಲಿ ಆಡುತ್ತಿದ್ದ ಮಕ್ಕಳಿಗೆ ಲೀಗ್ ಮಾಡಿಕೊಟ್ಟರು. ಆದರೆ ಒಂದು ಷರತ್ತು. ಪಂದ್ಯ ಗೆದ್ದರಷ್ಟೇ ಅಲ್ಲ, ಕೇರಿಯ ಚರಂಡಿ, ಕಸ ತೆಗೆದರೂ ತಂಡಕ್ಕೆ ಪಾಯಿಂಟ್. ಕಸ ಎತ್ತದ ತಂಡ ಎಷ್ಟು ಗೋಲು ಹೊಡೆದರೂ ಪಟ್ಟಿಯಲ್ಲಿ ಕೆಳಗೆ.

ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ, ಕಥೆ ಚೆಂದ ಇದೆಯಲ್ಲ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರ ಸಣ್ಣಪುಟ್ಟ ನಿಯಮಗಳು. ಚೆನ್ನಾಗಿ ನಡೆದುಕೊಂಡ ಆಟಗಾರನಿಗೆ ರೆಫರಿ ಹಸಿರು ಕಾರ್ಡ್ ಕೊಡುತ್ತಾರೆ. ಜಗಳ ಮಾಡಿ ಹೊರಗೆ ಹೋದವನು ಮತ್ತೆ ಆಡಬೇಕಾದರೆ ಚಿಕ್ಕ ಮಕ್ಕಳ ಪಂದ್ಯಗಳಿಗೆ ತಾನೇ ರೆಫರಿ ಆಗಬೇಕು. ನಿನ್ನೆ ರೆಫರಿ ಮೇಲೆ ಕೂಗಾಡಿದವನು ಇವತ್ತು ಸೀಟಿ ಹಿಡಿದು, ಪುಟಾಣಿಗಳ ಕೈಲಿ ಬೈಸಿಕೊಳ್ಳುತ್ತಾ ನಿಂತಿರುತ್ತಾನೆ! ಲೀಗಿನ ಸಮಿತಿಗಳಲ್ಲಿ ಇರುವವರೂ ಹುಡುಗ ಹುಡುಗಿಯರೇ, ಅವರವರೇ ಆರಿಸಿಕೊಂಡವರು. ಸಂಸ್ಥೆಗಾಗಿ ದುಡಿದವರಿಗೆ ಪಾಯಿಂಟ್ ಲೆಕ್ಕ ಹಾಕಿ ಸ್ಕೂಲ್ ಫೀಸು ಸಿಗುತ್ತದೆ. ಇಲ್ಲೇ ಬೆಳೆದ ಮಥಾರೆ ಯುನೈಟೆಡ್ ತಂಡ ಕೀನ್ಯಾದ ಪ್ರೀಮಿಯರ್ ಲೀಗ್ ಗೆದ್ದಿದ್ದು ಯಾವ ವರ್ಷ ಗೊತ್ತಾ? 2008ರಲ್ಲಿ. ಜನವರಿಯಲ್ಲಿ ಹೊತ್ತಿ ಉರಿದ ಕೇರಿಯ ಹೆಸರಿನ ತಂಡ ಅದೇ ವರ್ಷ ಚಾಂಪಿಯನ್. ಕಪ್ ಬಂದಿದ್ದರಿಂದ ದ್ವೇಷ ಕರಗಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಸಂಜೆ ಒಟ್ಟಿಗೆ ಕೂತು ರೇಡಿಯೊ ಕೇಳಲು ಒಂದು ನೆಪ ಸಿಕ್ಕಿತು.

ಎಲ್ಲಕ್ಕೂ ಫುಟ್‌ಬಾಲೇ ಬೇಕು ಅಂತಿಲ್ಲ. ನೈರೋಬಿಯ ಇಂಥ ಕೇರಿಗಳಲ್ಲಿ ಹುಡುಗರ ಗುಂಪುಗಳು ಕಸ ಎತ್ತುತ್ತವೆ, ನೀರು ಮಾರುತ್ತವೆ, ಸಾರ್ವಜನಿಕ ಶೌಚಾಲಯ ನಡೆಸುತ್ತವೆ, ಕಾರು ತೊಳೆಯುತ್ತವೆ. ನನಗೆ ಪರಿಚಯದ ಒಂದು ಕಸದ ಗುಂಪಿದೆ. ಎಲ್ಲ ಬುಡಕಟ್ಟಿನವರೂ ಇದ್ದಾರೆ. ಅಧ್ಯಕ್ಷೆ ಒಬ್ಬ ಹುಡುಗಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಸಭೆಗೆ ಬರುತ್ತಾಳೆ. ಅವರ ಆಸ್ತಿ ಅಂದರೆ ಎರಡು ಕೈಗಾಡಿ ಮತ್ತು ಒಂದು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಮನೆ ನಂಬರ್, ಕೊಟ್ಟ ಶಿಲ್ಲಿಂಗ್, ಬಾಕಿ, ಅವತ್ತು ಗಾಡಿ ತಳ್ಳಿದವರ ಹೆಸರು. ಮೂಲೆಗಳೆಲ್ಲ ಎಣ್ಣೆಯಾಗಿವೆ, ಚಪಾತಿ ತಿನ್ನುತ್ತಾ ಲೆಕ್ಕ ಬರೆದದ್ದು ನೋಡಿದರೇ ತಿಳಿಯುತ್ತದೆ.

ಒಂದು ಸಲ ಒಬ್ಬ ಕೆಲವು ಮನೆಗಳಿಂದ ದುಡ್ಡು ವಸೂಲಿ ಮಾಡಿ ಬರೆದಿರಲಿಲ್ಲ. ಕಳ್ಳ ಸಿಕ್ಕರೆ ಜನ ಸೇರಿ ಹೊಡೆದು ಸಾಯಿಸುವುದು ಈ ಊರಲ್ಲಿ ಅಪರೂಪವಲ್ಲ. ಇವರು ಅವನನ್ನು ಮಧ್ಯೆ ಕೂರಿಸಿ ವಾದ ಮಾಡಿದರು. ಒಬ್ಬ ಪೊಲೀಸರಿಗೆ ಕೊಡೋಣ ಅಂದ. ಇನ್ನೊಬ್ಬ, ಪೊಲೀಸರಿಗೆ ಕೊಟ್ಟರೆ ಅವನನ್ನು ಬಿಡಿಸಲು ನಾವೇ ದುಡ್ಡು ಕೊಡಬೇಕಾಗುತ್ತದೆ ಅಂದ. ಎಲ್ಲರೂ ನಕ್ಕರು, ಕಳ್ಳನೂ ನಕ್ಕ. ಕೊನೆಗೆ ಒಂದು ತಿಂಗಳು ಕೂಲಿ ಇಲ್ಲದೆ ಗಾಡಿ ತಳ್ಳಬೇಕು, ವಸೂಲಿಗೆ ಹೋಗುವಂತಿಲ್ಲ ಅಂತ ತೀರ್ಮಾನ ಆಯಿತು. ಅವನು ತಳ್ಳಿದ. ಯಾವ ಕ್ಯಾಂಪಿನಲ್ಲಿ ಇದನ್ನು ಕಲಿಸುತ್ತಾರೆ ಹೇಳಿ?

ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಯ ಕಡೆಯವನು ಇವರ ಹತ್ತಿರವೂ ಬಂದ. ರ‍್ಯಾಲಿಗೆ ಹುಡುಗರು ಬೇಕು, ದಿನದ ಕೂಲಿ ಇಷ್ಟು, ಟಿ-ಶರ್ಟ್ ಫ್ರೀ. ನಮಗೇನು ಗೊತ್ತಿಲ್ಲದ ವ್ಯವಹಾರವಲ್ಲ ಬಿಡಿ. ಕೆಲವರು ಹೋದರು, ಟಿ-ಶರ್ಟ್ ಹಾಕಿಕೊಂಡೇ ಸೋಮವಾರ ಕಸ ಎತ್ತಲು ಬಂದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ರ‍್ಯಾಲಿಗೆ ಹೋಗುವುದು ಬೇರೆ, ಪಕ್ಕದ ಗಲ್ಲಿಗೆ ಬೆಂಕಿ ಇಡಲು ಹೋಗುವುದು ಬೇರೆ. ಪಕ್ಕದ ಗಲ್ಲಿಯಲ್ಲೇ ಇವರ ಗಿರಾಕಿಗಳಿದ್ದಾರೆ, ಗಾಡಿಯ ಇನ್ನೊಂದು ಹಿಡಿಕೆ ಹಿಡಿಯುವವನ ತಾಯಿಯೂ ಇದ್ದಾಳೆ.

ಇಷ್ಟೆಲ್ಲ ಹೇಳಿದ ಮೇಲೂ ಇದಕ್ಕೊಂದು ಮಿತಿ ಇದೆ. ಗುಂಡೇಟಿಗೆ ಸತ್ತ ಆ 405 ಜನರನ್ನು ಮರೆಯಬೇಡಿ. 2017ರ ಚುನಾವಣೆ ಹೊತ್ತಿಗೂ ಮಥಾರೆ, ಕಿಬೇರಾಗಳಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಬಂದೂಕಿನ ಎದುರು ಹಸಿರು ಕಾರ್ಡ್ ನಡೆಯುವುದಿಲ್ಲ. ಅದಕ್ಕೇ ಮಥಾರೆಯ ಯುವಕರು 2017ಕ್ಕೂ ಮುಂಚೆಯೇ ಸೋಶಿಯಲ್ ಜಸ್ಟೀಸ್ ಸೆಂಟರ್ ಕಟ್ಟಿಕೊಂಡು, ಪೊಲೀಸರಿಂದ ಸತ್ತವರ ಹೆಸರು, ದಿನ, ಜಾಗ ದಾಖಲಿಸಲು ಶುರುಮಾಡಿದರು. ನನ್ನ ಪ್ರಕಾರ ಅದೂ ಶಾಂತಿಯ ಕೆಲಸವೇ. ದಾನಿಗಳಿಗೆ ಮಾತ್ರ ಅದು ಯಾಕೋ ಅಷ್ಟು ಇಷ್ಟವಾಗುವುದಿಲ್ಲ.

2024ರ ಜೂನ್‌ನಲ್ಲಿ ತೆರಿಗೆ ಮಸೂದೆ ವಿರುದ್ಧ ಬೀದಿಗಿಳಿದ ಹುಡುಗರಿಗೆ ನಾಯಕನೇ ಇರಲಿಲ್ಲ. ನಮಗೆ ಬುಡಕಟ್ಟೂ ಇಲ್ಲ, ಪಕ್ಷವೂ ಇಲ್ಲ ಅಂದರು. ಮಸೂದೆಯನ್ನು ಟಿಕ್‌ಟಾಕ್‌ನಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದರು. ಗಾಯಗೊಂಡವರಿಗೆ ಎಂ-ಪೆಸಾದಲ್ಲಿ, ಅಂದರೆ ಮೊಬೈಲ್‌ನಲ್ಲೇ ಹಣ ಕಳಿಸುವ ಇಲ್ಲಿನ ವ್ಯವಸ್ಥೆಯಲ್ಲಿ, ದುಡ್ಡು ಕೂಡಿಸಿದರು. ಜೂನ್ 25ರಂದು ಸಂಸತ್ತಿಗೆ ನುಗ್ಗಿದರು, ಗುಂಡು ಹಾರಿತು, ಹೆಣ ಬಿದ್ದವು. ಮರುದಿನ, ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ರುಟೊ ಮಸೂದೆಗೆ ಸಹಿ ಹಾಕುವುದಿಲ್ಲ ಅಂದರು. ಲುವೊ, ಕಿಕುಯು ಅಂತ ಕಚ್ಚಾಡಿಸಿದರೆ ಸಾಕು ಅಂದುಕೊಂಡಿದ್ದವರಿಗೆ ಅದು ಹೊಸ ತಲೆನೋವು. ಮುಂದಿನ ವರ್ಷ, 2025ರ ಜೂನ್ 17ರಂದು, ಪ್ರತಿಭಟನೆಯ ಮಧ್ಯೆ ಬೈಕಿನಲ್ಲಿ ದೊಣ್ಣೆ, ಚಾಟಿ ಹಿಡಿದು ಬಂದವರು ಪೊಲೀಸರ ಕಣ್ಣೆದುರೇ ಜನರನ್ನು ಬಡಿದರು. ಅವರೂ ಅದೇ ವಯಸ್ಸಿನ ಹುಡುಗರು. ಬಹುಶಃ ಅವರದೂ ಒಂದು ದಿನದ ಕೂಲಿ.

2019ರ ಜನಗಣತಿ ಪ್ರಕಾರ ಕೀನ್ಯಾದಲ್ಲಿ ನೂರಕ್ಕೆ 75 ಜನ 35 ವರ್ಷದೊಳಗಿನವರು. ಇವರನ್ನೆಲ್ಲ ಕ್ಯಾಂಪಿಗೆ ಕರೆದುಕೊಂಡು ಹೋಗಿ ಮುಗಿಸಲು ಸಾಧ್ಯವಾ?

"ಹಾಗಾದರೆ ದುಡ್ಡು ಕೊಡುವವರು ಏನಕ್ಕೆ ಕೊಡಬೇಕು?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಮುಂದಿನ ಚುನಾವಣೆ 2027ರ ಆಗಸ್ಟ್‌ನಲ್ಲಿ. ಅದಕ್ಕೆ ಕೆಲವು ತಿಂಗಳು ಮೊದಲು ಶಾಂತಿ ಹೆಸರಿನ ದುಡ್ಡು ಹರಿದುಬರುತ್ತದೆ, ಬ್ಯಾನರ್ ಕಟ್ಟುತ್ತಾರೆ, ಫಲಿತಾಂಶ ಬಂದ ಮೇಲೆ ಎಲ್ಲ ಬಂದ್. ಅದರ ಬದಲು ರೆಫರಿ ತರಬೇತಿಗೆ, ಸ್ಕೂಲ್ ಫೀಸಿಗೆ, ಮೂರನೇ ಕೈಗಾಡಿಗೆ ಕೊಡಿ ಅನ್ನುತ್ತೇನೆ. 2028ರಲ್ಲೂ ಕೊಡಿ. ಲೆಕ್ಕ ಕೇಳಿ, ನೋಟ್‌ಬುಕ್ ತೋರಿಸುತ್ತಾರೆ.